ಅಮ್ಮನ ಪಾಸ್‌ಪೋರ್ಟಿನ ಖಾಲಿ ಖಾನೆ

ಕುವೆಂಪುನಗರದ ನಮ್ಮ ಬೀದಿಯ ಕೊನೆಯಲ್ಲಿರುವ ಝೆರಾಕ್ಸ್ ಅಂಗಡಿಯಲ್ಲಿ ನನ್ನದು ಅರ್ಜಿ ತುಂಬುವ ಕೆಲಸ. ಆದಾಯ ಪ್ರಮಾಣಪತ್ರ, ಪ್ಯಾನ್ ಕಾರ್ಡ್, ಸ್ಕಾಲರ್‌ಶಿಪ್, ಕರೆಂಟ್ ಮೀಟರಿನ ಹೆಸರು ಬದಲಾವಣೆ, ಯಾವುದಾದರೂ ಸರಿ, ಜನ ನನ್ನ ಮುಂದೆ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. ನಾನು ಕೀಲಿ ಒತ್ತುವ ವೇಗ ಕಂಡು ನಿವೃತ್ತ ಮೇಷ್ಟ್ರೊಬ್ಬರು, "ಹಾರ್ಮೋನಿಯಂ ನುಡಿಸ್ದಂಗೆ ನುಡಿಸ್ತಾನೆ ಕಣ್ರೀ" ಎಂದು ಅಂಗಡಿ ತುಂಬ ಕೇಳುವ ಹಾಗೆ ಹೊಗಳಿದ್ದರು. ಅವರ ಅರ್ಜಿಯಲ್ಲಿ ಅವರನ್ನು ನಾನು ಹೆಣ್ಣು ಎಂದು ನಮೂದಿಸಿದ್ದು ಅವರಿಗೆ ಆಗಿನ್ನೂ ಗೊತ್ತಿರಲಿಲ್ಲ.

ಇಂಥ ಪಂಡಿತ ಮನೆಯಲ್ಲೇ ಇರುವಾಗ ಪಾಸ್‌ಪೋರ್ಟಿನ ಅರ್ಜಿಗೆ ಹೊರಗಿನವರನ್ನು ಹುಡುಕುವುದುಂಟೆ? ಮೊದಲು ನನ್ನದನ್ನೇ ತುಂಬಿಕೊಂಡೆ. ಎಲ್ಲಿಗೂ ಹೋಗುವ ಯೋಚನೆ ಇರಲಿಲ್ಲ. ಜೇಬಿನಲ್ಲಿದ್ದರೆ ಒಂದು ಗತ್ತು ಅಷ್ಟೇ. ಅರ್ಜಿಯಲ್ಲಿ ಸರ್‌ನೇಮ್ ಎಂಬ ಖಾನೆ ಬಂತು. ನಮ್ಮ ಕಡೆಯವರಿಗೆ ಎಲ್ಲಿಯ ಸರ್‌ನೇಮ್? ಹೆಸರಿನ ಮುಂದೆ ಎರಡು ಇನಿಷಿಯಲ್ ಇರುತ್ತದೆ, ಮೊದಲನೆಯದು ಊರು, ಎರಡನೆಯದು ಅಪ್ಪ. ಎರಡರಲ್ಲಿ ಯಾವುದು ದೊಡ್ಡದು ಎಂದು ಯೋಚಿಸಿ, ಅಪ್ಪನಿಗಿಂತ ಊರು ದೊಡ್ಡದೆಂದು ತೀರ್ಮಾನಿಸಿ, ಊರಿನ ಹೆಸರು ಒತ್ತಿಬಿಟ್ಟೆ.

ಒಂದು ಬೆಳಿಗ್ಗೆ ವಿಚಾರಣೆಗೆ ಪೊಲೀಸ್ ಪೇದೆಯೊಬ್ಬರು ಬಂದರು. ಅಪ್ಪ ಆಟೋ ಓಡಿಸುತ್ತಾನೆ. ಆಗ ಮನೆಯ ಮುಂದೆ ಅದನ್ನು ಒರೆಸುತ್ತಿದ್ದ. ಪೇದೆ ಕೈಯಲ್ಲಿದ್ದ ಹಾಳೆ ನೋಡಿ, ನಮ್ಮ ಊರಿನ ಹೆಸರು ಹೇಳಿ, "ಇಲ್ಲೇನಾ?" ಎಂದರು.

"ಇಲ್ಲೆಲ್ಲಿ ಸಾ! ಅದು ನಮ್ ಹಳ್ಳಿ. ಬಸ್‌ಸ್ಟ್ಯಾಂಡ್‌ಗೋಗಿ ಗಾಡಿ ಹತ್ಬೇಕು. ಒಂದೂವರೆ ಗಂಟೆ ಆಯ್ತದೆ."

"ಊರಲ್ಲ ಕಣ್ರೀ, ಮನುಷ್ಯ. ಪಾಸ್‌ಪೋರ್ಟ್‌ಗೆ ಹಾಕವ್ರೆ."

"ಊರಿಗೂರೇ ಪಾಸ್‌ಪೋರ್ಟ್‌ಗೆ ಹಾಕ್ಬುಡ್ತಾ?" ಎಂದು ಅಪ್ಪ ಒರೆಸುವ ಬಟ್ಟೆ ಕೈಯಲ್ಲೇ ಹಿಡಿದು ನಿಂತುಬಿಟ್ಟ.

ಅಂದಿನಿಂದ ಭಾರತ ಸರ್ಕಾರದ ಕಣ್ಣಿನಲ್ಲಿ ನಾನು ಶ್ರೀಯುತ ಹಳ್ಳಿ. ಇದು ಮೊದಲನೆಯ ಘನಕಾರ್ಯ. ಎರಡನೆಯದು ಅಮ್ಮನ ಪಾಸ್‌ಪೋರ್ಟ್. ಅದರ ಕತೆಯೇ ಇದು.

ಅಮ್ಮ ಸರಸ್ವತಿಪುರಂನ ಒಂದು ಶಾಲೆಯಲ್ಲಿ ಆಯಾ. ಬೆಲ್ ಬಾರಿಸುವುದು, ಹಾಜರಿ ಪುಸ್ತಕ ಕ್ಲಾಸಿಂದ ಕ್ಲಾಸಿಗೆ ಸಾಗಿಸುವುದು, ಬಿದ್ದು ಮಂಡಿ ತರಚಿಕೊಂಡ ಮಕ್ಕಳಿಗೆ ಅರಿಶಿನ ಹಚ್ಚುವುದು ಅವಳ ಕೆಲಸ. ರಜೆ ಎಂದರೆ ಬೇಸಿಗೆಯಲ್ಲಿ ಮಾತ್ರ. ಅವಳಿಗೆ ಒಬ್ಬಳೇ ತಂಗಿ, ನನ್ನ ಚಿಕ್ಕಮ್ಮ. ಗಲ್ಫಿನ ಒಂದು ದೇಶದಲ್ಲಿ ನರ್ಸು. ಚಿಕ್ಕಮ್ಮ ಎರಡು ವರ್ಷಕ್ಕೊಮ್ಮೆ ಬರುತ್ತಾಳೆ. ಬಂದ ದಿನದಿಂದ ಮನೆಗೆ ನೆಂಟರ ದಂಡು. ಒಬ್ಬರ ಬಿಪಿ ನೋಡು, ಒಬ್ಬರ ರಿಪೋರ್ಟ್ ನೋಡು, ಒಬ್ಬರ ಮಗಳಿಗೆ ಅಲ್ಲೇ ಒಂದು ಕೆಲಸ ನೋಡು. ಚಿಕ್ಕಮ್ಮ ಪಡಸಾಲೆಯಲ್ಲಿ ನೆಂಟರ ಪಾಲು, ಅಮ್ಮ ಅಡುಗೆಮನೆಯಲ್ಲಿ ಒಲೆಯ ಪಾಲು. ಕಳೆದ ಸಲ ಹೊರಡುವ ದಿನ ಅಕ್ಕತಂಗಿಯರು ಬಾಗಿಲಲ್ಲಿ ನಿಂತು ಲೆಕ್ಕ ಹಾಕಿದರೆ, ಇಪ್ಪತ್ತು ದಿನದಲ್ಲಿ ಇಬ್ಬರೇ ಕೂತು ಮಾತಾಡಿದ್ದು ಅರ್ಧ ಗಂಟೆಯೂ ಇರಲಿಲ್ಲ. ಅದೂ ಬೆಳ್ಳುಳ್ಳಿ ಬಿಡಿಸುತ್ತಾ.

ಡಿಸೆಂಬರಿನಲ್ಲಿ ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು: "ಅಕ್ಕ, ಈ ಬೇಸಿಗೆಗೆ ನೀನೇ ಬಾ. ಹತ್ತು ದಿನ. ನಾವಿಬ್ರೇ. ಒಲೆ ಹಚ್ಚಿದ್ರೆ ಕೈ ಮುರಿದಾಕ್ತೀನಿ."

ಅಮ್ಮ ಹೂಂ ಎಂದಳು. ಯಾರನ್ನೂ ಕೇಳದೆ ಅವಳು ಹೂಂ ಎಂದದ್ದನ್ನು ನಾನು ಕಂಡಿದ್ದು ಅದೇ ಮೊದಲು. ಅಪ್ಪನಂತೂ, "ಹತ್ತ್ ದಿನಾನಾ? ನನ್ಗ್ಯಾರು ಮುದ್ದೆ ತೊಳ್ಸೋರು?" ಎಂದು ಕೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಆಕಳಿಸಿ ಸುಮ್ಮನಾದ.

ಅರ್ಜಿ ತುಂಬುವ ಗೌರವ ನನ್ನ ಪಾಲಿಗೆ ಬಂತು. ಅಮ್ಮನಿಗೆ ಇರುವುದು ಒಂದೇ ಹೆಸರು, ಮೂರು ಅಕ್ಷರ. ಮುಂದೆ ಇನಿಷಿಯಲ್ ಇಲ್ಲ, ಹಿಂದೆ ಬಾಲ ಇಲ್ಲ. ಶಾಲೆಯ ಟಿಸಿಯಲ್ಲಿ ಅಷ್ಟೇ, ವೋಟರ್ ಕಾರ್ಡಿನಲ್ಲಿ ಅಷ್ಟೇ, ಆಧಾರಿನಲ್ಲೂ ಅಷ್ಟೇ. ನನ್ನ ಹಳ್ಳಿಯ ಕತೆ ನೆನಪಿಟ್ಟುಕೊಂಡು ಈ ಸಲ ಸರ್‌ನೇಮ್ ಖಾನೆಯನ್ನು ಖಾಲಿ ಬಿಟ್ಟೆ. ಇಲ್ಲದ್ದನ್ನು ಇಲ್ಲ ಎನ್ನುವುದಕ್ಕಿಂತ ಸರಿಯಾದದ್ದು ಬೇರೆ ಏನಿದೆ? ಜನವರಿಯಲ್ಲಿ ಪಾಸ್‌ಪೋರ್ಟ್ ಬಂತು. ಅಮ್ಮ ಅದನ್ನು ಮೂರು ಸಲ ಮುಟ್ಟಿ ನೋಡಿ, ತವರಿನಿಂದ ತಂದ ತಗಡಿನ ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟಳು.

ಮಾರ್ಚಿನಲ್ಲಿ ಟಿಕೆಟ್ ವಿಚಾರಿಸಲು ಸರಸ್ವತಿಪುರಂನ ಟ್ರಾವೆಲ್ ಏಜೆಂಟನ ಬಳಿ ಹೋದೆವು. ಅವನು ಪಾಸ್‌ಪೋರ್ಟ್ ತೆರೆದು ನೋಡಿ, ತಲೆ ಓರೆ ಮಾಡಿ ಇನ್ನೊಮ್ಮೆ ನೋಡಿದ.

"ಅಮ್ಮಾ, ಇದ್ರಲ್ಲಿ ಒಂದೇ ಹೆಸರು ಇದ್ಯಲ್ಲಾ?"

"ನಾನೂ ಒಬ್ಳೇ ಅಲ್ವೇನಪ್ಪಾ?"

ಅವನು ನಗಲಿಲ್ಲ. ಆ ದೇಶಕ್ಕೆ ಸುಮ್ಮನೆ ನೋಡಿಬರಲು ಹೋಗುವವರಿಗೆ ಒಂದೇ ಹೆಸರಿದ್ದರೆ ತಕರಾರು ಮಾಡುತ್ತಾರೆ ಎಂದ. ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಬಿಡುತ್ತಾರೆ ಎಂದು ಕೆಲವರು ಹೇಳುತ್ತಾರಂತೆ, ಇಲ್ಲ ಎಂದು ಕೆಲವರು ಹೇಳುತ್ತಾರಂತೆ. "ಏರ್‌ಪೋರ್ಟಿಂದ ವಾಪಸ್ ಕಳಿಸ್ಬುಟ್ರೆ ನನ್ನ ಕೇಳ್ಬೇಡಿ ಅಷ್ಟೇ. ಈಗ್ಲೇ ಯಜಮಾನ್ರ ಹೆಸರು ಹಿಂದಕ್ಕೆ ಸೇರಿಸಿ ಹೊಸದು ಮಾಡಿಸ್ಬುಡಿ. ಎಲ್ರೂ ಅದನ್ನೇ ಮಾಡೋದು." ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ತುಂಬಿದ್ದು ಯಾರು ಸಾರ್? ಯಾವನೋ ತಲೆ ಇಲ್ದೋನು" ಎಂದ.

"ಯಾವನೋ" ಎಂದೆ ನಾನು, ಗೋಡೆಯ ಮೇಲಿನ ಸಿಂಗಾಪುರದ ಚಿತ್ರ ನೋಡುತ್ತಾ.

ಮನೆಗೆ ಬಂದು ವಿಷಯ ಹೇಳಿದಾಗ ಅಪ್ಪನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. "ಸೇರ್ಸು ಸೇರ್ಸು! ನಾನಂತೂ ವಿಮಾನ ಹತ್ನಿಲ್ಲ. ನನ್ನ ಹೆಸರಾದ್ರೂ ಹತ್ಲಿ."

ಅಮ್ಮ ಸೊಪ್ಪು ಸೋಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಆಟೋ ಹಿಂದೆ ಏನ್ ಬರ್ಸಿದೀರಿ?"

ಅಪ್ಪ ಪೆಚ್ಚಾದ. ಆಟೋದ ಹಿಂದೆ ದೊಡ್ಡದಾಗಿ ನನ್ನ ಹೆಸರಿದೆ, ಅದರ ಎರಡು ಪಕ್ಕದಲ್ಲೂ ಒಂದೊಂದು ಗುಲಾಬಿ.

"ನನ್ನ ಹೆಸರೂ ಬರ್ಸಿ ಅಂದಾಗ ಏನಂದ್ರಿ? ಎರಡು ಗುಲಾಬಿ ಬಂತು, ಜಾಗ ಸಾಲಲ್ಲ ಅಂದ್ರಿ. ನಿಮ್ಮ ಆಟೋದಲ್ಲಿ ನನಗೆ ಜಾಗ ಇಲ್ಲ, ನನ್ನ ಪಾಸ್‌ಪೋರ್ಟಲ್ಲಿ ನಿಮಗೆ ಜಾಗ ಬೇಕಾ?"

"ಅಲ್ಲ ಕಣಮ್ಮಿ, ವೋಟರ್ ಕಾರ್ಡಲ್ಲಿ ಅದೆಯಲ್ಲ ನನ್ನ ಹೆಸರು..."

"ಅದೆ. ಕೆಳಗಿನ ಸಾಲಲ್ಲಿ ಅದೆ. ನೀವು ನಿಮ್ಮ ಸಾಲಲ್ಲಿರಿ, ನಾನು ನನ್ನ ಸಾಲಲ್ಲಿರ್ತೀನಿ. ಇಪ್ಪತ್ತೆಂಟು ವರ್ಷ ಹಂಗೇ ಬಾಳಾಟ ನಡೆದಿಲ್ವಾ?"

ಅಪ್ಪ ಆಟೋ ಕೀಲಿ ತೆಗೆದುಕೊಂಡು ಹೊರಗೆ ಹೋದ. ಅಂದು ಭಾನುವಾರ, ಬಾಡಿಗೆಗೆ ಹೋಗುವ ದಿನವಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಮನುಷ್ಯ. ಆದರೆ ರಜೆ ಹತ್ತಿರ ಬರುತ್ತಿತ್ತು. ಚಿಕ್ಕಮ್ಮ ಅಲ್ಲಿ ಹತ್ತು ದಿನ ರಜೆ ಬರೆದುಕೊಟ್ಟಾಗಿತ್ತು, ಕೊಟ್ಟ ದಿನ ಬದಲಾಯಿಸುವ ಹಾಗಿರಲಿಲ್ಲ. ಈ ಬೇಸಿಗೆ ತಪ್ಪಿದರೆ ಮತ್ತೆ ಇಬ್ಬರ ರಜೆ ಕೂಡಿ ಬರುವುದು ಎಂದೋ. ಅಮ್ಮನಿಗೆ ಈಗ ಕೋಪ, ಆಮೇಲೆ ಖುಷಿ ಎಂದು ನಾನು ಅರ್ಜಿ ತುಂಬುವ ಲೋಕದ ನ್ಯಾಯ ಹಾಕಿಕೊಂಡೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಅಮ್ಮನ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ತುಂಬಿದೆ. ಸರ್‌ನೇಮ್ ಖಾನೆಯಲ್ಲಿ ಅಪ್ಪನ ಹೆಸರು. ಪಾಸ್‌ಪೋರ್ಟ್ ಕಚೇರಿಗೆ ಅಮ್ಮ ಹೋಗಬೇಕಾದ ದಿನವನ್ನೂ ಗೊತ್ತು ಮಾಡಿದೆ. ಹಾಳೆ ಪ್ರಿಂಟ್ ತೆಗೆದೆ. ಆಮೇಲೆ, ಜಗತ್ತಿನ ಎಲ್ಲ ಜಾಣ ಕಳ್ಳರ ಹಾಗೆ, ಆ ಹಾಳೆಯನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟು, ಸಂಜೆ ಚೀಲವನ್ನು ಅಮ್ಮನ ಕೈಗೇ ಕೊಟ್ಟೆ.

ಐದು ನಿಮಿಷಕ್ಕೆ ಅಡುಗೆಮನೆಯಿಂದ ಅಮ್ಮ ಬಂದಳು. ಹಾಳೆಯ ಮೂಲೆಗೆ ಹುಳಿಯ ಕಲೆ ಹತ್ತಿತ್ತು. ಇಂಗ್ಲಿಷನ್ನು ಅವಳು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ. ಎರಡು ಸಲ ಓದಿದಳು.

"ಯಾರೋ ಇವ್ಳು?"

"ಅಮ್ಮ, ಅದು..."

"ಈ ಹೆಂಗಸು ಯಾರು ಅಂತ ಕೇಳ್ದೆ. ನನ್ನ ಫೋಟೋ ಅದೆ, ನಾನಲ್ಲ. ನಿಮ್ಮಪ್ಪ ಇನ್ನೊಬ್ಳನ್ನ ಕಟ್ಕೊಂಡವ್ರಾ?"

ನಾನು ನಗಬೇಕೆಂದುಕೊಂಡೆ. ನಗು ಬರಲಿಲ್ಲ.

"ಒಂದು ಹೆಸರು ತಾನೇ ಅಮ್ಮ, ಹಾಳೆ ಮೇಲೆ ಇದ್ರೆ ಏನಾಯ್ತು? ವಾಪಸ್ ಬಂದ್ಮೇಲೆ ತೆಗೆಸ್ಬುಡಣ. ಹತ್ತು ದಿನ ಸೊಂಟಕ್ಕೊಂದು ಪರ್ಸ್ ಕಟ್ಕೊಂಡಂಗೆ ಅನ್ಕೋ."

ಅಮ್ಮ ಮಂಚದ ಕೆಳಗಿನಿಂದ ಟ್ರಂಕ್ ಎಳೆದಳು. ನೆಲ ಗೀರುವ ಸದ್ದಿಗೆ ಹೊರಗೆ ಕೂತಿದ್ದ ಅಪ್ಪನೂ ಒಳಗೆ ಬಂದ. ಆ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಅಮ್ಮನ ಹೆಸರಿದೆ. ಹುಟ್ಟಿದಾಗಿನಿಂದ ನೋಡಿದ್ದೇನೆ, ಎಂದೂ ಓದಿರಲಿಲ್ಲ.

ಅದನ್ನು ಬರೆದವನು ತಾತ, ಅಮ್ಮನ ಅಪ್ಪ. ಹಳ್ಳಿ ಬಿಟ್ಟು ಬಂದು ಲಷ್ಕರ್ ಮೊಹಲ್ಲಾದ ಒಂದು ಟ್ರಂಕ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಹಾಸ್ಟೆಲಿಗೆ ಹೋಗುವ ಹುಡುಗರು, ವರ್ಗವಾದ ಗುಮಾಸ್ತರು ಟ್ರಂಕ್ ಕೊಂಡು, ಚೀಟಿಯಲ್ಲಿ ಹೆಸರು ಬರೆದು ಕೊಡುತ್ತಿದ್ದರು. ತಾತ ಅದನ್ನು ನೋಡಿ ನೋಡಿ ಮುಚ್ಚಳದ ಮೇಲೆ ಬಿಡಿಸುತ್ತಿದ್ದ. ಓದಲು ಬರುವ ಮೊದಲೇ ಬರೆಯಲು ಕಲಿತ ಮನುಷ್ಯ. ಇಷ್ಟು ನನಗೂ ಗೊತ್ತಿತ್ತು. ಅಂದು ಅಮ್ಮ ಹೇಳಿದ್ದು ಗೊತ್ತಿರಲಿಲ್ಲ.

"ಸ್ಕೂಲಿಗೆ ಸೇರ್ಸೋಕೆ ಹೋದಾಗ ಹೆಡ್‌ಮೇಷ್ಟ್ರು ಕೇಳಿದ್ರಂತೆ, ಬರೀ ಹೆಸರು ಹೇಳ್ತೀಯಲ್ಲಯ್ಯ, ಊರು ಯಾವ್ದು, ಮನೆತನ ಯಾವ್ದು, ಇನಿಷಿಯಲ್ ಏನು ಅಂತ. ಅಪ್ಪ ಏನಂದ್ರಂತೆ ಗೊತ್ತಾ? ಹೆಸರು ಅಷ್ಟೇ ಸ್ವಾಮಿ, ಮಿಕ್ಕಿದ್ದು ಬೇಡ ಅಂದ್ರಂತೆ."

"ಯಾಕೆ?"

"ನಾನೂ ದೊಡ್ಡವಳಾದ್ಮೇಲೆ ಅದನ್ನೇ ಕೇಳ್ದೆ. ದಿನಾ ಜನರ ಹೆಸರು ಬರೀತೀನಿ ಮಗಾ ಅಂದ್ರು. ಹೆಸರಿನ ಮುಂದಿರೋದನ್ನ, ಹಿಂದಿರೋದನ್ನ ನೋಡೇ ಅಂಗಡಿ ಯಜಮಾನ್ರು ಒಬ್ರಿಗೆ ಕುರ್ಚಿ ಹಾಕ್ತಾರೆ, ಒಬ್ರನ್ನ ಬಾಗಿಲಲ್ಲಿ ನಿಲ್ಲಿಸ್ತಾರೆ. ಊರು ಹೇಳಿದ್ರೆ ಯಾವ ಬೀದಿ ಅಂತಾರೆ. ಬೀದಿ ಹೇಳಿದ್ರೆ ಲೋಟ ಬೇರೆ ಇಡ್ತಾರೆ. ನನ್ನ ಮಕ್ಕಳ ಹೆಸರಲ್ಲಿ ಹಿಡ್ಕೊಳ್ಳೋಕೆ ಯಾರಿಗೂ ಹಿಡಿ ಸಿಗ್ಬಾರ್ದು ಅಂದ್ರು."

ಟ್ರಂಕಿನ ಮುಚ್ಚಳದ ಒಳಗಡೆ ತಾತ ಅಂಟಿಸಿದ್ದ ಬುದ್ಧನ ಕ್ಯಾಲೆಂಡರ್ ಚಿತ್ರ ಇನ್ನೂ ಇತ್ತು. ಅಂಚುಗಳನ್ನು ಜಿರಳೆ ತಿಂದಿತ್ತು, ಮುಖ ಮಾತ್ರ ಹಾಗೇ ನಗುತ್ತಿತ್ತು.

"ಅಪ್ಪ ಬೇಡ ಅಂತ ಕಿತ್ತಾಕಿದ್ದನ್ನ ನಾನು ಯಾವನೋ ಕೌಂಟರಲ್ಲಿ ಕೂತೋನು ಕೇಳ್ದ ಅಂತ ಸೇರಿಸ್ಬೇಕಾ? ಹೋಗ್ದಿದ್ರೆ ಬೇಡ. ನನ್ನ ಹೆಸರು ಅವ್ರಿಗೆ ಸಾಲ್ದಿದ್ರೆ ಅವ್ರ ದೇಶ ನನಗೆ ಸಾಲ್ದು."

ಅಪ್ಪ ಬಾಗಿಲಲ್ಲೇ ನಿಂತಿದ್ದ. ನಾನು ಶ್ರೀಯುತ ಹಳ್ಳಿ, ಮಂಚದ ಮೇಲೆ ಕೂತು ನನ್ನ ಪಾದ ನೋಡುತ್ತಿದ್ದೆ. ತಾತ ಮುಚ್ಚಿಟ್ಟದ್ದನ್ನೇ ನಾನು ಹುಡುಕಿ ತೆಗೆದು, ಶುಲ್ಕವನ್ನೂ ಕಟ್ಟಿ, ನನ್ನ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರಿಗೆ ಸಿಂಹದ ಮುದ್ರೆ ಹಾಕಿಸಿಕೊಂಡು ಬಂದಿದ್ದೆ. ಇಂಥ ಬುದ್ಧಿವಂತಿಕೆ ಎಲ್ಲರಿಗೂ ಬರುವುದಿಲ್ಲ.

ಫೋನ್ ತೆಗೆದು ಅಮ್ಮನ ಎದುರಿಗೇ ಆ ಅರ್ಜಿಯನ್ನು ರದ್ದು ಮಾಡಿದೆ. "ಖಂಡಿತವಾಗಿ ರದ್ದು ಮಾಡಬೇಕೇ?" ಎಂದು ಅದು ಕೇಳಿದಾಗ ಅಮ್ಮನೇ ಬೆರಳು ಚಾಚಿ ಒತ್ತಿದಳು.

ಈಗ ಉಳಿದದ್ದು ಚಿಕ್ಕಮ್ಮನಿಗೆ ಹೇಳುವುದು. ಮಾರನೆಯ ದಿನ ವಿಡಿಯೋ ಕಾಲಿನಲ್ಲಿ ಅಮ್ಮ ಎಲ್ಲವನ್ನೂ ಹೇಳಿದಳು. ಚಿಕ್ಕಮ್ಮ ಬೈಯುತ್ತಾಳೆ, ಅತ್ತುಬಿಡುತ್ತಾಳೆ ಎಂದುಕೊಂಡು ನಾನು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಪಕ್ಕಕ್ಕೆ ಸರಿದೆ. ಅವಳು ಎರಡನ್ನೂ ಮಾಡಲಿಲ್ಲ.

"ನನ್ನ ಇಲ್ಲಿ ಏನಂತ ಕರೀತಾರೆ ಗೊತ್ತೇನಕ್ಕ? ಅಪ್ಪನ ಹೆಸರಿಡಿದು. ನನ್ನ ಪಾಸ್‌ಪೋರ್ಟ್ ಮಾಡ್ಸಿದ ಏಜೆಂಟ ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡ್ದ. ಕೆಲಸ ಬೇಕಿತ್ತು, ಸೈನ್ ಹಾಕ್ದೆ. ಡಾಕ್ಟ್ರು, ಪೇಷಂಟು, ಕ್ಯಾಂಟೀನಿನೋನು, ಎಲ್ರೂ ಸಿಸ್ಟರ್ ಅಂತ ಹೇಳಿ ಅಪ್ಪನ ಹೆಸರು ಸೇರಿಸ್ತಾರೆ. ಮೊದಮೊದ್ಲು ಯಾರೋ ಅಪ್ಪನ್ನೇ ಕರೆದ್ರು ಅಂತ ತಿರುಗಿ ನೋಡ್ಬುಡ್ತಿದ್ದೆ. ನನ್ನ ಹೆಸರಿಡಿದು ಕರ್ಯೋರು ಇಲ್ಲಿ ಒಬ್ರೂ ಇಲ್ಲ ಕಣಕ್ಕ. ಈ ಫೋನಲ್ಲಿ ನೀನೊಬ್ಳೇ."

ಅಮ್ಮ ಸೆರಗಿನಿಂದ ಫೋನಿನ ಗಾಜು ಒರೆಸಿದಳು, ತಂಗಿಯ ಮುಖದ ಮೇಲೆ ಧೂಳು ಕೂತಿದೆಯೇನೋ ಎಂಬಂತೆ.

"ನೀನು ಬದಲಾಯಿಸ್ಬೇಡ. ಒಬ್ಳಾದ್ರೂ ಅಪ್ಪ ಇಟ್ಟಂಗೇ ಇರು" ಎಂದಳು ಚಿಕ್ಕಮ್ಮ.

"ಮತ್ತೆ ನಮ್ಮ ಹತ್ತು ದಿನ?"

"ನಾನು ಅಲ್ಲಿಗೆ ಬರ್ಲಾ?"

"ಬಂದ್ರೆ ನೀನು ನೆಂಟರ ಪಾಲು, ನಾನು ಒಲೆ ಪಾಲು" ಎಂದಳು ಅಮ್ಮ. "ಬೇಡ."

ಅಲ್ಲಿಗೆ ಮುಗಿಯಿತು ಎಂದು ಮೂರು ದಿನ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಅಮ್ಮ ಮಾತ್ರ ಶಾಲೆಯಲ್ಲಿ ಬೆಲ್ಲನ್ನು ವಿಪರೀತ ಜೋರಾಗಿ ಬಾರಿಸುತ್ತಿದ್ದಾಳೆಂದು ಆ ಕಡೆ ಬಾಡಿಗೆಗೆ ಹೋಗಿದ್ದ ಅಪ್ಪ ವರದಿ ತಂದ. ನಾಲ್ಕನೆಯ ದಿನ ಚಿಕ್ಕಮ್ಮನೇ ಫೋನ್ ಮಾಡಿದಳು. ಅವಳ ವಾರ್ಡಿನಲ್ಲಿ ನೇಪಾಳದ ನರ್ಸೊಬ್ಬಳಿದ್ದಾಳಂತೆ. ವಿಷಯ ಕೇಳಿ ಅವಳು ನಕ್ಕಳಂತೆ. ನಮ್ಮ ದೇಶಕ್ಕೆ ಬನ್ನಿ, ನಿಮ್ಮಕ್ಕನಿಗೆ ಪಾಸ್‌ಪೋರ್ಟೇ ಬೇಡ, ವೋಟರ್ ಕಾರ್ಡ್ ಸಾಕು ಎಂದಳಂತೆ.

ಇದು ನನಗೆ ಗೊತ್ತಿರಬೇಕಿತ್ತು. ಅರ್ಜಿಗಳ ಆಚಾರ್ಯ ನಾನು. ಎಲ್ಲ ನೋಡಿ ಖಚಿತ ಮಾಡಿಕೊಂಡೆ, ನಿಜವೇ. ಆಧಾರ್ ನಡೆಯುವುದಿಲ್ಲ, ವೋಟರ್ ಕಾರ್ಡ್ ನಡೆಯುತ್ತದೆ. ಪಾಸ್‌ಪೋರ್ಟಿಗಾಗಿ ಒಂದು ತಿಂಗಳು ಮನೆಯನ್ನು ಕುರುಕ್ಷೇತ್ರ ಮಾಡಿ, ಕೊನೆಗೆ ಅದಿಲ್ಲದೆ ಹೋಗಬಹುದಾದ ದೇಶವನ್ನು ಒಬ್ಬ ನೇಪಾಳದ ನರ್ಸಿನಿಂದ ತಿಳಿದುಕೊಂಡ ಪಂಡಿತನಿಗೆ ಅಂದು ಮನೆಯಲ್ಲಿ ಎರಡನೇ ಸಲ ಸಾರು ಬಡಿಸಲಿಲ್ಲ.

"ನೇಪಾಳದಲ್ಲಿ ಎಲ್ಲಿಗೆ?" ಎಂದು ಅಪ್ಪ ಕೇಳಿದ.

"ಲುಂಬಿನಿ" ಎಂದಳು ಅಮ್ಮ. ಆಗಲೇ ತೀರ್ಮಾನಿಸಿಯಾಗಿತ್ತು. "ಟ್ರಂಕಲ್ಲಿ ಇರೋರು ಹುಟ್ಟಿದ ಊರು. ಅವ್ರಿಗಾದ್ರೂ ಸರ್‌ನೇಮ್ ಇತ್ತೇನೋ?"

"ಇತ್ತಮ್ಮ. ಮನೆ, ಹೆಸರು ಎಲ್ಲಾ ಬುಟ್ಟು ಹೊರಟೋದ್ರು" ಎಂದೆ.

"ಮತ್ತೆ? ತಿಳಿದೋರು."

ಮೇ ತಿಂಗಳಲ್ಲಿ ಲುಂಬಿನಿಗೆ ಹೋಗುವವರಿಗೆ ತಲೆ ಸರಿಯಿಲ್ಲ ಎಂದು ಟ್ರಾವೆಲ್ ಏಜೆಂಟ ಹೇಳಿದ. ಬಿಸಿಲಿಗೆ ಮೊಟ್ಟೆ ಹೊರಗಿಟ್ಟರೆ ಬೇಯುತ್ತದಂತೆ. "ಒಲೆ ಹಚ್ಚಂಗಿಲ್ಲ ಅಂತ ನನ್ನ ತಂಗಿ ಹೇಳವ್ಳೆ, ಒಳ್ಳೇದೇ ಆಯ್ತು" ಎಂದಳು ಅಮ್ಮ. ಎರಡು ದಿನ ಕೂತು ರಾಗಿ ಹುರಿದು ಹುರಿಹಿಟ್ಟು ಮಾಡಿದಳು. ಬೆಲ್ಲ, ಹಾಲು ಹಾಕಿ ಕಲಸಿದರೆ ಆಯಿತು, ಬೆಂಕಿ ಬೇಡ. ಮೂಟೆ ಹೊರಲು ನಾನು ನೇಮಕವಾದೆ. ಅಲ್ಲಿ ತಲುಪಿಸಿ, ಮಾರನೇ ದಿನವೇ ವಾಪಸ್ ಹೊರಡಬೇಕೆಂದು ಷರತ್ತು. ನಾವಿಬ್ರೇ ಎಂದರೆ ಇಬ್ಬರೇ.

ಹೊರಡುವ ದಿನ ಅಪ್ಪ ಬೆಳಿಗ್ಗೆಯೇ ಆಟೋ ತೆಗೆದುಕೊಂಡು ಎಲ್ಲೋ ಹೋದವನು ರೈಲಿನ ಹೊತ್ತಾದರೂ ಬರಲಿಲ್ಲ. ಅಮ್ಮ ಗೇಟಿನಲ್ಲಿ ನಿಂತು, "ಹೆಸರು ಸೇರಿಸ್ಲಿಲ್ಲ ಅಂತ ಮುನಿಸ್ಕೊಂಡವ್ರೆ. ಬೇರೆ ಆಟೋ ಕರಿ" ಎಂದಳು. ಅಷ್ಟರಲ್ಲಿ ಅಪ್ಪ ಬಂದ. ಚೀಲಗಳನ್ನು ಒಳಗಿಟ್ಟ. ನಾನು ಹಿಂದಕ್ಕೆ ಹೋಗಿ ನೋಡಿದೆ. ಎಡಗಡೆಯ ಗುಲಾಬಿ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಹೊಸ ರೇಡಿಯಂ ಸ್ಟಿಕ್ಕರಿನಲ್ಲಿ ಅಮ್ಮನ ಹೆಸರು, ನನ್ನ ಹೆಸರಿಗಿಂತ ಒಂದು ಬೆರಳು ದಪ್ಪ.

ಅಮ್ಮನೂ ಬಂದು ನೋಡಿದಳು. ಸ್ಟಿಕ್ಕರಿನ ಮೇಲೆ ಬೆರಳಾಡಿಸಿ, "ಇನ್ನೊಂದು ಗುಲಾಬಿ ಯಾಕೆ ಬುಟ್ರಿ?" ಎಂದಳು.

"ಅದು ನಾನು ಅನ್ಕೋ" ಎಂದ ಅಪ್ಪ. ಸ್ಟೇಷನ್ನಿನವರೆಗೂ ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಲೇ ಇದ್ದಳು.

ರೈಲಿನ ಮೂರು ದಿನದ ಕತೆ ಬೇಡ. ನಾನು ಒಂದು ಸ್ಟೇಷನ್ನಿನಲ್ಲಿ ನೀರು ತರಲು ಇಳಿದು ಬೇರೆ ರೈಲು ಹತ್ತಿ, ಅದು ಹೊರಡುವ ಮೊದಲೇ ಅಮ್ಮನ ಕೂಗಿಗೆ ಇಳಿದು ಓಡಿ ಬಂದೆ ಎಂದಷ್ಟೇ ಹೇಳುತ್ತೇನೆ. ಗೋರಖಪುರದಲ್ಲಿ ಇಳಿದು ಬಸ್ಸು ಹತ್ತಿ ಸೊನೌಲಿ ಎಂಬ ಗಡಿಯ ಊರು ತಲುಪಿದಾಗ ಮಧ್ಯಾಹ್ನ. ಲಾರಿಗಳ ಸಾಲು, ಧೂಳು, ಸೈಕಲ್ ರಿಕ್ಷಾ, ಅದರ ನಡುವೆ ಒಂದು ದೊಡ್ಡ ಕಮಾನು. ಗಡಿ ಎಂದರೆ ಮುಳ್ಳುತಂತಿ, ಬಂದೂಕು ಎಂದು ನಾನು ಹೆದರಿದ್ದೆ. ಇಲ್ಲಿ ಜನ ನಮ್ಮ ಸಂತೆಪೇಟೆಯಲ್ಲಿ ನಡೆದಾಡುವ ಹಾಗೆ ಆಚೆಗೂ ಈಚೆಗೂ ನಡೆದಾಡುತ್ತಿದ್ದರು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಕೇಳಿದ್ದು ನನ್ನನ್ನು ಮಾತ್ರ. ಗಡಿ ಕಾವಲು ಪಡೆಯ ಜವಾನನೊಬ್ಬ ನನ್ನ ಹೆಗಲ ಚೀಲ ತೆಗೆಸಿ ಒಳಗೆ ಕೈ ಹಾಕಿದ. ನಾಲ್ಕು ಪ್ಲಾಸ್ಟಿಕ್ ಕವರಿನಲ್ಲಿ ಕಂದು ಬಣ್ಣದ ಪುಡಿ. ಇದೇನು ಎಂದು ಹಿಂದಿಯಲ್ಲಿ ಕೇಳಿದ. ಸಿನಿಮಾದಿಂದ ಕಲಿತ ನನ್ನ ಹಿಂದಿಯಲ್ಲಿ ಬೆದರಿಕೆಯ ಮಾತೂ ಪ್ರೇಮದ ಮಾತೂ ಇವೆ, ಹುರಿಹಿಟ್ಟಿಗೆ ಮಾತಿಲ್ಲ. ಗತ್ತಿಗಿರಲಿ ಎಂದು ನನ್ನ ಪಾಸ್‌ಪೋರ್ಟ್ ಚಾಚಿದೆ. ಅವನು ಅದನ್ನೂ ಪುಡಿಯನ್ನೂ ನನ್ನನ್ನೂ ನೋಡಿ, ನಮ್ಮ ಹಳ್ಳಿಯ ಹೆಸರನ್ನು ಗಟ್ಟಿಯಾಗಿ ಓದಿ, ಪಕ್ಕಕ್ಕೆ ನಿಲ್ಲು ಎಂದ.

ಅಮ್ಮ ಮುಂದೆ ಬಂದಳು. ಕವರು ಬಿಚ್ಚಿ, ಒಂದು ಚಿಟಿಕೆ ತೆಗೆದು ತನ್ನ ಬಾಯಿಗೆ ಹಾಕಿಕೊಂಡು, ಇನ್ನೊಂದು ಚಿಟಿಕೆಯನ್ನು ಜವಾನನ ಅಂಗೈಯಲ್ಲಿ ಇಟ್ಟಳು. "ತಿನ್ನಪ್ಪಾ. ರಾಗಿ. ನನ್ನ ತಂಗಿಗೆ."

ಅವನು ಮೂಸಿ ನೋಡಿ ನಾಲಿಗೆಗೆ ಇಟ್ಟುಕೊಂಡ. ಮುಖ ಸಡಿಲವಾಯಿತು, ಹೋಗಿ ಎಂದು ಕೈ ಬೀಸಿದ.

ಹೋಗಬಹುದಿತ್ತು. ಅಮ್ಮ ಹೋಗಲಿಲ್ಲ. ರವಿಕೆಯೊಳಗಿನ ಪರ್ಸಿನಿಂದ ವೋಟರ್ ಕಾರ್ಡ್ ತೆಗೆದು ಅವನ ಮುಂದೆ ಹಿಡಿದಳು.

"ಬೇಡ ಅಂದ್ರಲ್ಲಮ್ಮ, ಬಾ" ಎಂದೆ.

"ಸುಮ್ನಿರೋ. ನೋಡ್ಲಿ. ಸುಮ್ನೆ ಕಳ್ಳರಂಗೆ ನುಗ್ಗೋಕೆ ಅಷ್ಟು ದೂರದಿಂದ ಬಂದಿದೀನಾ?"

ಜವಾನ ನಕ್ಕು ಕಾರ್ಡ್ ತೆಗೆದುಕೊಂಡ. ಕಾರ್ಡಿನಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ನೋಡಿ ಅಮ್ಮನ ಹೆಸರು ಓದಿದ. ಕನ್ನಡದ ಮೂರು ಅಕ್ಷರ ಅವನ ಬಾಯಲ್ಲಿ ಸ್ವಲ್ಪ ಎಳೆದುಕೊಂಡವು, ಆದರೆ ಸರಿಯಾಗಿಯೇ ಓದಿದ. ಮುಂದೆ ಏನಾದರೂ ಇರಬಹುದೆಂದು ಕಾರ್ಡನ್ನು ಓರೆ ಮಾಡಿ, ಇಷ್ಟೇನಾ ಎಂಬಂತೆ ಹುಬ್ಬು ಏರಿಸಿದ.

"ಅಷ್ಟೇ ಸ್ವಾಮಿ" ಎಂದಳು ಅಮ್ಮ, ಕನ್ನಡದಲ್ಲಿ.

ಕಾರ್ಡ್ ವಾಪಸ್ ಪರ್ಸಿಗೆ ಹೋಯಿತು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದಳು. ನಾನು ಹುರಿಹಿಟ್ಟಿನ ಚೀಲ, ಬಟ್ಟೆಯ ಚೀಲ, ನನ್ನ ಹಳ್ಳಿ ಎಲ್ಲವನ್ನೂ ಹೊತ್ತು ಹಿಂದೆ ಓಡಿದೆ. ಕಮಾನಿನ ಆಚೆ, ಅಂಗಡಿಯೊಂದರ ನೆರಳಿನಲ್ಲಿ, ಹಿಂದಿನ ದಿನವೇ ಬಂದಿಳಿದಿದ್ದ ಚಿಕ್ಕಮ್ಮ ಕೊಡೆ ಹಿಡಿದು ಬೆನ್ನು ಹಾಕಿ ನಿಂತಿದ್ದಳು, ಬೇರೆ ಕಡೆಯಿಂದ ಬರುತ್ತೇವೆಂದುಕೊಂಡು.

ಅಮ್ಮ ಎರಡು ಕೈಯನ್ನೂ ಬಾಯಿಗೆ ಇಟ್ಟು, ಶಾಲೆಯ ಬೆಲ್ಲಿನಷ್ಟೇ ಜೋರಾಗಿ ತಂಗಿಯ ಹೆಸರು ಹಿಡಿದು ಕೂಗಿದಳು. ಅವಳಪ್ಪನದಲ್ಲ, ಆಸ್ಪತ್ರೆಯದಲ್ಲ, ಅವಳ ಹೆಸರು. ಲಾರಿಗಳ ಹಾರ್ನಿನ ನಡುವೆಯೂ ಚಿಕ್ಕಮ್ಮ ಗಕ್ಕನೆ ತಿರುಗಿದಳು. ಕೊಡೆ ಕೈಯಿಂದ ಜಾರಿ ರಸ್ತೆಗೆ ಉರುಳಿತು. ಅದನ್ನು ಹಿಡಿಯಲು ನಾನು ಲಾರಿಗಳ ನಡುವೆ ಓಡುತ್ತಿದ್ದೆ. ಅವರಿಬ್ಬರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ.